ಜಮ್ಶೀದ್ ಮಾಡಿದ ಪ್ರೀಆಂಪ್

ಚಾಕು ನನ್ನ ಪಕ್ಕೆಗೆ ಒತ್ತಿತ್ತು.

"ಬಾಯಿ ಬಿಟ್ರೆ ಇಳಿಸ್ತೀನಿ," ಪಕ್ಕದಲ್ಲಿ ಕೂತಿದ್ದ ಭೂತಪ್ಪ ಕಿವಿಯಲ್ಲಿ ಉಸುರಿದ. ಆಡಿಯೋ ಸೆಟ್‌ಗಳ ಬ್ರೋಕರ್ ಅವನು.

ಮುಂದಿನ ಕುರ್ಚಿಯಲ್ಲಿ ಪ್ರಸನ್ನಕುಮಾರ್. ವಿದ್ಯಾನಗರದ ಆ ಮನೆಯ ಯಜಮಾನರು. ನಮಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಸಿತಾರ್ ಕೇಳುತ್ತಿದ್ದರು.

ಟೇಬಲ್ ಮೇಲೆ ಭೂತಪ್ಪ ಮಾರಲು ತಂದ ಎರಡು ಪ್ರೀಆಂಪ್, ಹಾಡಿನ ಸದ್ದನ್ನು ಹದಮಾಡಿ ಆಂಪ್ಲಿಫೈಯರ್‌ಗೆ ಕಳಿಸುವ ಪೆಟ್ಟಿಗೆಗಳು. ಒಂದು ಫಾರಿನ್‌ದು, ಫಳಫಳ. ಇನ್ನೊಂದು, ಕೈಯಲ್ಲೇ ಕಟ್ಟಿದ್ದು, ಬರೀ ತಗಡಿನ ಡಬ್ಬಿ. ಅವರು ಒಂದನ್ನು ಆರಿಸಬೇಕಿತ್ತು.

ಪತ್ತೇದಾರಿಕೆ ನನ್ನ ಕೆಲಸ. ನನ್ನನ್ನು ಕಳಿಸಿದವಳು ಭದ್ರಾವತಿಯ ಅಂಬ್ರೀನ್. ಅವಳ ಗಂಡ ಜಮ್ಶೀದ್ ಆಂಪ್ಲಿಫೈಯರ್ ಕಟ್ಟುತ್ತಿದ್ದ. ಯಾರೋ ಅವನ ತಲೆಗೆ ರಾಡಿನಿಂದ ಹೊಡೆದು ಕೊಂದು, ಒಂದು ಪ್ರೀಆಂಪ್ ಹೊತ್ತೊಯ್ದಿದ್ದರು. ಅದರ ಬೆನ್ನಿಗೆ ಅವನು ಹೆಂಡತಿಯ ಹೆಸರು ಕೆತ್ತಿದ್ದ. ಗಿರಾಕಿಯ ಸೋಗಿನಲ್ಲಿ ಬಂದ ನಾನು ತಗಡಿನ ಡಬ್ಬಿ ತಿರುಗಿಸಿ ಆ ಹೆಸರು ಓದಿದೆ. ಭೂತಪ್ಪ ಅದನ್ನು ನೋಡಿಬಿಟ್ಟ...

"ಗಗನಾ ಅವರೇ, ಕೇಳಿದ್ರಾ?" ಪ್ರಸನ್ನಕುಮಾರ್ ತಿರುಗದೆಯೇ ಹೇಳಿದರು. "ಫಾರಿನ್‌ದಕ್ಕೆ ಮಾಮೂಲಿ ವೈರು. ರೂಮಿನ ಆ ತುದಿವರೆಗೆ ಎಳೆದ್ರೆ ಗುಂಯ್ ಅನ್ನುತ್ತೆ. ಈ ತಗಡಿನ ಡಬ್ಬಿ ಬ್ಯಾಲೆನ್ಸ್ಡ್. ಎಷ್ಟು ಉದ್ದ ವೈರು ಎಳೆದ್ರೂ ಗುಂಯ್ ಇಲ್ವೇ ಇಲ್ಲ. ನಂಗೆ ಇದೇ ಬೇಕು."

"ಸಾರ್," ಅಂದೆ. "ಅದು ಕೊಲೆಯಾದವನದು."

ಚಾಕು ಇಳಿಯಿತು... ಆಳಕ್ಕಲ್ಲ. ನನ್ನ ಮೊಣಕೈ ಅವನ ಮೂಗಿಗೆ ಬಿತ್ತು.

ಅವನು ಹೊರಗೆ ಓಡಿ ಬೈಕ್ ಹತ್ತಿದ. ನಾನು ಸ್ಕೂಟರ್ ಹತ್ತಿದೆ. ಚೂಡಿದಾರ್ ರಕ್ತದಿಂದ ಒದ್ದೆಯಾಗುತ್ತಿತ್ತು. ಭದ್ರಾವತಿ ರಸ್ತೆ. ಮಲವಗೊಪ್ಪ ದಾಟಿತು. ಮಾಚೇನಹಳ್ಳಿಯಲ್ಲಿ ಬಸ್ಸೊಂದು ಅವನಿಗೆ ಅಡ್ಡ ಬಂತು.

ಬೈಕ್ ಜಾರಿತು.

ಅವನ ಮಣಿಕಟ್ಟಿನ ಮೇಲೆ ಕಾಲಿಟ್ಟು ನಿಂತೆ.

"ಯಾಕೆ ಕೊಂದೆ?"

"ಎಷ್ಟು ಕೇಳಿದ್ರೂ ಮಾರಲ್ಲ ಅಂದ ಮಾರಾಯ್ತಿ. ಹೆಂಡ್ತಿಗೆ ಮಾಡಿದ್ದಂತೆ."

"ಅಷ್ಟಕ್ಕೇನಾ?"

"ಸಾಹೇಬ್ರು ಬ್ಯಾಲೆನ್ಸ್ಡ್ ಇರೋದು ಬೇಕೇ ಬೇಕು ಅಂದಿದ್ರು. ಬೇರೆಲ್ಲೂ ಸಿಗ್ಲಿಲ್ಲ."

ಪೊಲೀಸರು ಅವನನ್ನೂ, ವಿದ್ಯಾನಗರದ ಮನೆಯಿಂದ ಪ್ರೀಆಂಪನ್ನೂ ಒಯ್ದರು. ಸ್ಟೇಷನ್ನಿನಲ್ಲಿ ಅಂಬ್ರೀನ್ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಅಳಲಿಲ್ಲ.

"ಕೇಸ್ ಮುಗಿಯೋವರೆಗೂ ಕೊಡಲ್ವಂತೆ ಅಕ್ಕಾ," ಅಂದಳು.

ನನಗೆ ಹೊಲಿಗೆ ಹಾಕುತ್ತಿದ್ದಾಗ ಫೋನ್ ಬಂತು. ಪ್ರಸನ್ನಕುಮಾರ್. ಗಾಯ ಹೇಗಿದೆ ಅಂತ ಕೇಳಬಹುದು ಅಂದುಕೊಂಡೆ.

"ಗಗನಾ ಅವರೇ... ಕೇಸ್ ಮುಗಿದ್ಮೇಲೆ ಆ ಹೆಂಗಸು ಅದನ್ನ ಮಾರ್ತಾರಾ?"

"ಕೇಳಿ ನೋಡಿ ಸಾರ್," ಅಂದೆ. "ಹಿಂದೆ ಕೇಳಿದವನು ಲಾಕಪ್‌ನಲ್ಲಿದ್ದಾನೆ."