ಮೂರು ನಿಮಿಷಕ್ಕೆ ಹಿಡಿಸದ ವಾಕ್ಯ

ನಾಲ್ಕನೇ ಹಾಸಿಗೆಯ ಬಾಣಂತಿಯ ಮಣಿಕಟ್ಟಿನ ಪಟ್ಟಿ ಕೆಂಪಾದದ್ದೇ ತಡ, ವಾರ್ಡಿಗೆ ವಾರ್ಡೇ ಎದ್ದು ನಿಂತಿತು. ನರ್ಸ್ ಓಡಿ ಬಂದಳು, ಡಾಕ್ಟರು ಓಡಿ ಬಂದರು, ಹತ್ತು ನಿಮಿಷದೊಳಗೆ ಔಷಧದ ಬಾಟಲಿ ತೂಗಿತು. ಆ ಹೆಂಗಸಿಗೆ ಇನ್ನೂ ಜ್ವರವೇ ಬಂದಿರಲಿಲ್ಲ! ಜ್ವರ ಬರುವ ಒಂದು ದಿನ ಮೊದಲೇ ನಂಜನ್ನು ಹಿಡಿದುಕೊಡುವುದು ಈ ಪಟ್ಟಿಯ ಹೆಚ್ಚುಗಾರಿಕೆ. ಹೆರಿಗೆಯಾದ ಮೇಲೆ ಮೈಗೆ ನಂಜೇರಿದರೆ ರಕ್ತದಲ್ಲಿ ಒಂದು ಬಗೆಯ ಪ್ರೋಟೀನ್ ಹುಟ್ಟಿ ಬೆವರಿಗೂ ಇಳಿಯುತ್ತದೆ. ಬೆರಳಗಲದ ಪಟ್ಟಿ ಅದನ್ನು ಹೀರಿಕೊಂಡು ಹಸಿರಿನಿಂದ ಕೆಂಪಿಗೆ ತಿರುಗುತ್ತದೆ. ಓದುಬರಹ ಬೇಡ, ಯಂತ್ರ ಬೇಡ, ಕಣ್ಣಿದ್ದರೆ ಸಾಕು.

೨೦೬೩ರ ಹೊತ್ತಿಗೆ ರಾಜ್ಯದ ಎಲ್ಲ ಸರಕಾರಿ ಹೆರಿಗೆ ವಾರ್ಡುಗಳಿಗೂ ಅದು ಬಂದು ಆರು ವರ್ಷವಾಗಿತ್ತು. ಅದನ್ನು ಕಂಡುಹಿಡಿದ ಡಾಕ್ಟರ್ ನಿವೇದಿತಾ ಹಂಚಿನಮನಿಯನ್ನು ತುಂಗಭದ್ರೆಯ ಕೆಳಗಿನ ಈ ತಾಲ್ಲೂಕು ಆಸ್ಪತ್ರೆಯವರು ಸನ್ಮಾನಕ್ಕೆಂದು ಕರೆಸಿದ್ದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ವಾರ್ಡು ತೋರಿಸಲು ಕರೆತಂದಾಗಲೇ ಆ ಪಟ್ಟಿ ಕೆಂಪಾದದ್ದು. ತಾನು ಮಾಡಿದ ವಸ್ತು ಒಂದು ಜೀವ ಉಳಿಸುವುದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಎದೆ ತುಂಬಿ ಬಂತು.

ಅಷ್ಟರಲ್ಲಿ ಏಳನೇ ಹಾಸಿಗೆಯ ಬಳಿಯಿಂದ ಒಬ್ಬ ನಡುವಯಸ್ಸಿನ ಹೆಂಗಸು ನರ್ಸಿನ ಸೆರಗು ಹಿಡಿದಳು. ಸಿಂಚನಾ ಅಂತ ಅವಳ ಹೆಸರು, ಮಗಳು ಲಾಸ್ಯಳ ಬಾಣಂತನಕ್ಕೆ ಬಂದವಳು. "ಯಕ್ಕಾ, ನನ್ನ ಮಗಳು ಮುಂಜಾನಿಂದ ಹೆಂಗೆಂಗೋ ಮಾತಾಡಾಕತ್ತ್ಯಾಳ. ಒಂದೀಟು ನೋಡ್ರಿ."

"ಪಟ್ಟಿ ಹಸಿರ ಐತಲ್ಲವಾ. ಏನೂ ಆಗಂಗಿಲ್ಲ, ಸುಮ್ಮ ಕುಂದ್ರು," ಎಂದಳು ನರ್ಸ್. ಕೆಟ್ಟವಳೇನಲ್ಲ ಪಾಪ, ಅವಳಿಗೆ ಕಲಿಸಿದ್ದೇ ಅಷ್ಟು.

ನಿವೇದಿತಾ ಸುಮ್ಮನೆ ಹತ್ತಿರ ಹೋಗಿ ಲಾಸ್ಯಳ ಕೈ ಹಿಡಿದಳು. ಕೈ ಕೆಂಡದ ಹಾಗೆ ಸುಡುತ್ತಿತ್ತು. ಉಗುರುಗಳು ಮಾತ್ರ ಸುಣ್ಣದಷ್ಟು ಬಿಳಿ. ಅದನ್ನು ಕಂಡದ್ದೇ ಅವಳು ನರ್ಸಿನ ಕಡೆ ತಿರುಗಿದಳು.

"ಈಕಿ ಹಿಮೋಗ್ಲೋಬಿನ್ ಎಷ್ಟೈತ್ರಿ?"

"ಐದೂವರಿ ರೀ ಮೇಡಂ. ಇಲ್ಲಿ ಬರೋರು ಭಾಳ ಮಂದಿ ಆರು, ಏಳು. ಅದರ ಮ್ಯಾಲ ಇರಂಗಿಲ್ಲ."

ನಿವೇದಿತಾ ತಲೆಯೆತ್ತಿ ವಾರ್ಡನ್ನು ನೋಡಿದಳು. ಇಪ್ಪತ್ತೆರಡು ಹಾಸಿಗೆ, ಇಪ್ಪತ್ತೊಂದು ಹಸಿರು ಪಟ್ಟಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ, ಅದು ಆಗ ಅವಳಿಗೆ ತಟ್ಟಿತು. "ಪಟ್ಟಿ ನೋಡಬ್ಯಾಡ್ರಿ! ಎಲ್ಲರಿಗೂ ಥರ್ಮಾಮೀಟರ್ ಹಚ್ಚರಿ!" ಎಂದು ಕೂಗಿದಳು. ಥರ್ಮಾಮೀಟರ್ ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತು.

ಇದು ಅವಳಿಗೆ ಗೊತ್ತಿಲ್ಲದ ವಿಷಯವಾಗಿದ್ದರೆ ಎಷ್ಟೋ ವಾಸಿಯಿತ್ತು. ಬಣ್ಣ ತಿರುಗಬೇಕಾದರೆ ಬೆವರಿನಲ್ಲಿ ಒಂದಿಷ್ಟು ಕಬ್ಬಿಣದ ಅಂಶ ಬೇಕು. ರಕ್ತಹೀನತೆ ಇದ್ದವರಲ್ಲಿ ಅದು ಸಾಲದು, ನಂಜು ಎಷ್ಟೇ ಏರಲಿ, ಪಟ್ಟಿ ಹಸಿರಾಗಿಯೇ ಕೂತಿರುತ್ತದೆ. ಹದಿನಾಲ್ಕು ವರ್ಷದ ಹಿಂದೆ ಇದನ್ನು ಕಂಡುಕೊಂಡವಳೂ ಅವಳೇ.

ಆಗ ಹುಬ್ಬಳ್ಳಿಯಲ್ಲೊಂದು ಉದ್ಯಮ ಕೇಂದ್ರವಿತ್ತು. ಸಂಶೋಧಕರ ಶೋಧಗಳು ಕಪಾಟಿನಲ್ಲಿ ಧೂಳು ತಿನ್ನಬಾರದೆಂದು ಅಲ್ಲಿ ಒಬ್ಬೊಬ್ಬರಿಗೂ ಪಳಗಿದ ಉದ್ಯಮಿಯೊಬ್ಬರನ್ನು ಮಾರ್ಗದರ್ಶಿಯಾಗಿ ಕೊಡುತ್ತಿದ್ದರು. ನಿವೇದಿತಾಳಿಗೆ ಸಿಕ್ಕವರು ಮಂಗಳೂರಿನ ದಿನಕರ ಶೆಣೈ. ಔಷಧದ ಎರಡು ಕಂಪನಿ ಕಟ್ಟಿದವರು, ಒಂದು ಪೈಸೆ ತೆಗೆದುಕೊಳ್ಳದೆ ಕಲಿಸುತ್ತಿದ್ದವರು. ಬಂಡವಾಳಗಾರರ ಮುಂದೆ ಮೂರು ನಿಮಿಷ ಮಾತಾಡಬೇಕು, ಗಂಟೆ ಹೊಡೆದರೆ ಮುಗಿಯಿತು. ನಿವೇದಿತಾಳೋ, ಸಂಶೋಧಕರ ಹುಟ್ಟುಗುಣ, "ನಮ್ಮ ಪಟ್ಟಿ ಇಂಥವರಲ್ಲಿ ಕೆಲಸ ಮಾಡುವುದಿಲ್ಲ" ಎಂದೇ ಶುರುಮಾಡುತ್ತಿದ್ದಳು.

"ಎಂತ ಮಾರಾಯ್ರೆ!" ಎಂದು ಶೆಣೈ ನಕ್ಕಿದ್ದರು. "ಹೆಣ್ಣು ತೋರಿಸ್ಲಿಕ್ಕೆ ಕೂತವರು ಹುಡುಗಿಗೆ ಮೂರ್ಛೆ ಉಂಟು ಅಂತ ಮೊದಲೇ ಹೇಳ್ತಾರಾ? ಅವರು ಮೊದಲು ಹೂಂ ಅನ್ನಲಿ. ಆಮೇಲೆ ಅವರ ಎಂಜಿನಿಯರುಗಳು ಬರ್ತಾರಲ್ಲ, ಅವರಿಗೆ ಎಲ್ಲ ಬಿಡಿಸಿ ಹೇಳುವಾ."

ತಪ್ಪು ಮಾತೆಂದು ಅನ್ನಿಸಲಿಲ್ಲ. ನಲವತ್ತು ದಿನ ಅವಳು ಕನ್ನಡಿಯ ಮುಂದೆ ನಿಂತು ಆ ಒಂದು ವಾಕ್ಯ ಬಿಟ್ಟು ಉಳಿದದ್ದನ್ನೆಲ್ಲ ಉರುಹೊಡೆದಳು. ಚಪ್ಪಾಳೆ ಬಿತ್ತು, ಕಂಪನಿಯೊಂದು ಹಕ್ಕು ಕೊಂಡಿತು, ಅವಳು ಪ್ರಯೋಗಾಲಯಕ್ಕೆ ಮರಳಿದಳು. ಕಂಪನಿ ತನ್ನ ಪರೀಕ್ಷೆಗಳನ್ನು ದೊಡ್ಡ ನಗರದ ದೊಡ್ಡ ಆಸ್ಪತ್ರೆಗಳಲ್ಲಿ ನಡೆಸಿತು. ಅಲ್ಲಿಯವರು ಹೊಟ್ಟೆತುಂಬ ಉಂಡವರು, ಪಟ್ಟಿ ಒಮ್ಮೆಯೂ ತಪ್ಪಲಿಲ್ಲ. ನರ್ಸುಗಳ ತರಬೇತಿಗೆಂದು ಅವರು ತೋರಿಸುತ್ತ ಬಂದದ್ದು ಅವಳದೇ ಆ ಮೂರು ನಿಮಿಷದ ವಿಡಿಯೋ.

ಲಾಸ್ಯಳಿಗೆ ರಕ್ತ ಕೊಟ್ಟರು, ಔಷಧ ಕೊಟ್ಟರು. ಒಂದು ದಿನ ತಡವಾಗಿತ್ತು. ಮರುದಿನ ಮಧ್ಯಾಹ್ನ ಅವಳು ತೀರಿಕೊಂಡಳು. ಹಸುಗೂಸು ಮಗ್ಗುಲಲ್ಲೇ ಮಲಗಿತ್ತು.

ನಿವೇದಿತಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಶೆಣೈಯವರಿಗೆ ಫೋನ್ ಮಾಡಿದಳು. ಎಪ್ಪತ್ತೈದು ದಾಟಿದ್ದ ಅವರು ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು.

"ಅದು ನಿಮ್ಮ ಪೇಪರಲ್ಲಿ ಇತ್ತಲ್ಲ?"

"ಇತ್ರಿ. ಒಂಬತ್ತನೇ ಪುಟದ ಕೋಷ್ಟಕದಾಗ."

"ಕಂಪನಿಯ ಎಂಜಿನಿಯರುಗಳಿಗೆ ನೀವು ಹೇಳಿದ್ದೀರಿ ಅಂತ ನಾನು..."

"ನೀವು ಹೇಳೀರಿ ಅಂತ ನಾನು."

"ನಾನು ಕೆಟ್ಟದಾಗ್ಲಿ ಅಂತ ಹೇಳಿದ್ದಲ್ಲ ಮಾರಾಯ್ರೆ," ಎಂದರು ಶೆಣೈ.

"ಗೊತ್ತೈತ್ರಿ ಸರ್. ಅದಕ್ಕ ನಿಮಗ ಬೈಯಾಕೂ ಬರವಲ್ದು."

ಆಮೇಲೆ ಅವಳು ಕಂಪನಿಗೂ ಫೋನ್ ಮಾಡಿದಳು. ಅವರು ಸೌಜನ್ಯದಿಂದಲೇ ಉತ್ತರಿಸಿದರು. ಪಟ್ಟಿಯ ಜೊತೆ ಕೊಡುವ ಸೂಚನಾಪತ್ರದ ಮುಂದಿನ ಮುದ್ರಣದಲ್ಲಿ ಆ ವಾಕ್ಯ ಸೇರಿಸುತ್ತೇವೆ, ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅದರಿಂದ ಬದುಕಿದವರು ಸಾವಿರಾರು ಮಂದಿ ಇದ್ದಾರೆ ಎಂದರು. ಅದು ನಿಜವೇ ಆಗಿತ್ತು. ನಾಲ್ಕನೇ ಹಾಸಿಗೆಯವಳು ಎದ್ದು ಕೂತು ಗಂಜಿ ಕುಡಿದಿದ್ದಳು. ಆರು ವರ್ಷದಲ್ಲಿ ಹಸಿರು ಪಟ್ಟಿ ಕಟ್ಟಿಕೊಂಡೇ ಸತ್ತವರೆಷ್ಟು? ಯಾರಿಗೂ ಗೊತ್ತಿಲ್ಲ. ಪಟ್ಟಿ ಹಸಿರಿದ್ದ ಮೇಲೆ ನಂಜಿನ ಸಾವೆಂದು ಯಾರು ಬರೆಯುತ್ತಾರೆ? ನಿವೇದಿತಾ ತಲೆಯ ಮೇಲೆ ಕೈಹೊತ್ತು ಕೂತಳು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ಸಮಾಧಾನ ಹೇಳುವುದಕ್ಕೂ ಅಲ್ಲಿ ಯಾರೂ ಇರಲಿಲ್ಲ.

ಕೂಸನ್ನೆತ್ತಿಕೊಂಡು ಸಿಂಚನಾ ಹೊರಗೆ ಬಂದಳು. "ಬಾಯಾರ, ಹಸಿರ ಅಂದ್ರ ಚಲೋ ಅಲ್ಲೇನ್ರಿ?"

"ಮೈಯಾಗ ರಕ್ತ ಕಡಿಮಿ ಇದ್ದವರಿಗೆ ಈ ಪಟ್ಟಿ ಸುಳ್ಳು ಹೇಳತೈತವ್ವ," ಎಂದಳು ನಿವೇದಿತಾ. ಹೇಳಲು ಐದು ಸೆಕೆಂಡೂ ಹಿಡಿಯಲಿಲ್ಲ.

ಸಿಂಚನಾ ಅಳಲಿಲ್ಲ. ಕೂಸಿನ ಮುಖ ನೋಡುತ್ತ, "ನನಗೂ ರಕ್ತ ಕಡಿಮಿನ ಇತ್ರಿ, ಸಣ್ಣಾಕಿ ಇದ್ದಾಗಿಂದ. ಸಾಲ್ಯಾಗ ಗುಳಿಗಿ ಕೊಡತಿದ್ರು, ಹೊಟ್ಟಿ ತೊಳಸತೈತಂತ ಕಿಡಕ್ಯಾಗ ಒಗೀತಿದ್ವಿ. ಯಾರೂ ಕೇಳತಿದ್ದಿಲ್ಲ," ಎಂದಳು.

ಆ ಸಿಂಚನಾಳಿಗೆ ೨೦೬೩ರಲ್ಲಿ ನಲವತ್ತೈದು. ಲೆಕ್ಕ ಹಾಕಿ ನೋಡಿ, ಇವತ್ತು ಅವಳು ಎರಡನೇ ತರಗತಿಯ ಹುಡುಗಿ. ಗಂಡಸರಿಗೆಲ್ಲ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಇವತ್ತು ಮಧ್ಯಾಹ್ನ ಅವಳ ಅವ್ವ ಅವಳ ಜೊತೆ ಹಂಚಿಕೊಂಡು ಉಂಡಿದ್ದಾಳೆ. ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕುವುದಕ್ಕೆ ಯಾವ ಶೋಧವೂ ಬೇಕಾಗಿಲ್ಲ.