ಸುಣ್ಣಕ್ಕೆ ಅಂಟಿದ ಪಟ್ಟಿ

ಮಂಗಳವಾರ ಬೆಳಿಗ್ಗೆ 10.40ಕ್ಕೆ ಪುಸ್ತಕ ಬೈಂಡಿಂಗ್ ಕಾರ್ಖಾನೆಯ ಕೆಲಸಗಾರ್ತಿಯೊಬ್ಬಳು ಠಾಣೆಗೆ ಬಂದಳು. ಬೆರಳುಗಳಲ್ಲಿ ಗೋಂದು ಇನ್ನೂ ಅಂಟಿಕೊಂಡಿತ್ತು. ಒಂದು ಗಂಟೆಯ ಹಿಂದೆ ಕಾರ್ಖಾನೆಯ ತೊಲೆ ಮುರಿದುಬಿದ್ದು ಅವಳ ಅಕ್ಕ ಸತ್ತಿದ್ದಳು.

"ಎಂಟು ತಿಂಗಳ ಹಿಂದೆ ತೊಲೆ ರಿಪೇರಿ ಆಯ್ತು ಸಾರ್. ಇನ್ನು ಭಯ ಇಲ್ಲ ಬಾರೇ ಅಂತ ಅಕ್ಕನೇ ನನ್ನನ್ನ ಕೆಲಸಕ್ಕೆ ಸೇರಿಸಿದ್ಲು."

11.15ಕ್ಕೆ ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಇಬ್ಬರೂ ಸರ್ಕಾರಿ ಎಂಜಿನಿಯರನ್ನು ಕರೆದುಕೊಂಡು ಸ್ಥಳ ಪಂಚನಾಮೆ ಮಾಡಲು ಕಾರ್ಖಾನೆಗೆ ಹೋದರು. ತೊಲೆಗೆ ಬಲ ಬರಲೆಂದು ಅಡಿಭಾಗಕ್ಕೆ ಅಂಟಿಸಿದ್ದ ಕಪ್ಪು ಫೈಬರ್ ಪಟ್ಟಿ ಇಡಿಯಾಗಿ ಕಳಚಿ ನೆಲದ ಮೇಲೆ ಬಿದ್ದಿತ್ತು.

"ಇದಕ್ಕೇನೂ ಆಗಿಲ್ವಲ್ಲ ಸಾರ್, ಗಟ್ಟಿ ಪಿಂಡ," ಎಂದ ಹೆಡ್ ಕಾನ್‌ಸ್ಟೇಬಲ್, ಬಾಗಿಲಲ್ಲಿ ನಿಂತಿದ್ದ ತಂಗಿಯನ್ನು ಕಂಡು ನಾಲಿಗೆ ಕಚ್ಚಿಕೊಂಡ.

ಎಂಜಿನಿಯರ್ ಪಟ್ಟಿಯನ್ನು ಮಗುಚಿದರು. "ಅಂಟು ಸರಿಯಾಗಿ ಹಿಡಿದಿದ್ರೆ ಇದರ ಜೊತೆ ಕಾಂಕ್ರೀಟೂ ಕಿತ್ತು ಬರಬೇಕಿತ್ತು. ಬಂದಿರೋದು ಬರೀ ಸುಣ್ಣ. ಹಳೇ ಸುಣ್ಣ ಉಜ್ಜಿ ತೆಗೀದೇ ಮೇಲೆ ಅಂಟಿಸಿದ್ದಾರೆ."

"ಅಂಟಿಸಿದ ಮೇಲೆ ಹಿಡಿದಿದೆಯಾ ಅಂತ ಎಳೆದು ಪರೀಕ್ಷೆ ಮಾಡಲ್ವಾ?" ಎಂದರು ಇನ್‌ಸ್ಪೆಕ್ಟರ್.

"ಮಾಡಿದ್ರೆ ಗುರುತು ಉಳಿಯುತ್ತೆ. ಇಲ್ಲಿ ಒಂದೂ ಇಲ್ಲ."

ರಿಪೇರಿ ಮಾಡಿಸಿದ್ದ ಗುತ್ತಿಗೆದಾರನ ಕಡತದಲ್ಲಿ ಮಾತ್ರ ಆರು ಪರೀಕ್ಷೆಗಳೂ ಪಾಸಾಗಿದ್ದವು. ಕೆಳಗೆ ಇದ್ದದ್ದು ಸೈಟ್ ಮೇಸ್ತ್ರಿಯ ಸಹಿ.

ಬುಧವಾರ 9.20. ಇನ್‌ಸ್ಪೆಕ್ಟರ್ ತಟ್ಟುವ ಮೊದಲೇ ಮೇಸ್ತ್ರಿ ಮನೆಯ ಬಾಗಿಲು ತೆರೆದ.

"ಸುಣ್ಣ ಯಾಕೆ ಉಜ್ಜಿಸ್ಲಿಲ್ಲ?"

"ಮುಚ್ಚಿದ ಹಾಲ್ ಸಾರ್. ಉಜ್ಜೋ ಮೆಷಿನ್ ಹಾಕಿದ್ರೆ ಎದುರಿಗಿರೋರ ಮುಖ ಕಾಣದಷ್ಟು ಧೂಳು. ಮಾಸ್ಕ್ ಕೊಡಿ ಅಂತ ಗುತ್ತಿಗೆದಾರರಿಗೆ ಮೂರು ಸಲ ಬರೆದೆ. ಕೊಡ್ಲಿಲ್ಲ."

"ಅದಕ್ಕೆ?"

"ನಮ್ಮಣ್ಣ ಹನ್ನೆರಡು ವರ್ಷ ಅದೇ ಮೆಷಿನ್ ಹಿಡಿದಿದ್ದ. ಕೊನೆಗೆ ನಾಲ್ಕು ಮೆಟ್ಟಿಲು ಹತ್ತೋಕೂ ಉಸಿರಿರಲಿಲ್ಲ. ನನ್ನ ಆಳುಗಳನ್ನ ಅದೇ ಧೂಳಿಗೆ ತಳ್ಳೋಕೆ ಮನಸ್ಸು ಬರಲಿಲ್ಲ."

"ಕೆಲಸ ನಿಲ್ಲಿಸಬೇಕಿತ್ತು."

"ನಾನು ಬಿಟ್ರೆ ಇನ್ನೊಬ್ಬ ಬಂದು ಅವರ ಕೈಲೇ ಉಜ್ಜಿಸ್ತಾನೆ ಅಂದ್ಕೊಂಡೆ." ಮೇಸ್ತ್ರಿ ಗೂಟದಿಂದ ಅಂಗಿ ತೆಗೆದುಕೊಂಡ. "ಸತ್ತೋದ ಆಯಮ್ಮನಿಗೆ ಯಾರಿದ್ದಾರೆ ಸಾರ್?"

"ಒಬ್ಬ ತಂಗಿ."

9.55ಕ್ಕೆ ಬಂಧನವಾಯಿತು. ಮಾಸ್ಕ್ ಕೇಳಿದ ಮೂರು ಪತ್ರಗಳ ನಕಲುಗಳು ಅವನ ಪೆಟ್ಟಿಗೆಯಲ್ಲೇ ಸಿಕ್ಕವು. ಇನ್‌ಸ್ಪೆಕ್ಟರ್ ಅವನ್ನು ವಶಕ್ಕೆ ಪಡೆದು, ಎರಡನೇ ಆರೋಪಿಯೆಂದು ಗುತ್ತಿಗೆದಾರನ ಹೆಸರು ಬರೆದುಕೊಂಡರು.

ಜೀಪು ತಿರುವು ದಾಟಿದ ಮೇಲೆ ಮೇಸ್ತ್ರಿ ತಾನಾಗಿಯೇ ಬಾಯಿಬಿಟ್ಟ.

"ಹೀಗೇ ಅಂಟಿಸಿದ್ದು ಇನ್ನೊಂದಿದೆ ಸಾರ್. ಹೊಲಿಗೆ ಕಾರ್ಖಾನೆ. ಇಷ್ಟೊತ್ತಿಗೆ ಜನ ಒಳಗೆ ಹೋಗಿರ್ತಾರೆ."

"ದಾರಿ ತೋರಿಸು," ಎಂದ ಇನ್‌ಸ್ಪೆಕ್ಟರ್ ವೈರ್‌ಲೆಸ್ ಕೈಗೆತ್ತಿಕೊಂಡರು.