ಗಗನಾ ಹೇಳದೆ ಬಿಟ್ಟ ಮಾತು

“ಕೊನೇಲಿ ಅಂಗಡಿಯವರು ಇನ್ನೂ ಏನೋ ಹೇಳಿದ್ರಲ್ಲ?” ಅಮ್ಮ ಕೇಳಿದಳು.

“ಬಟ್ಟೆ ಬಗ್ಗೆ ಏನೋ ಅಮ್ಮ. ಅಂಥಾದ್ದೇನಿಲ್ಲ. ಚಲೋ, ಹೋಗೋಣ.” ಗಗನಾ ಆಗಲೇ ಅಂಗಡಿಯ ಮೆಟ್ಟಿಲು ಇಳಿದಾಗಿತ್ತು.

ಗಂಟೆ ಐದಾಗಿತ್ತು. ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಹತ್ತಿರ ಗೆಳತಿ ಅನನ್ಯಾ ಆಟಕ್ಕೆಂದು ಸೈಕಲ್ ಹಿಡಿದು ಕಾಯುತ್ತಿದ್ದಳು. ಪೇಂಟ್ ಅಂಗಡಿಯ ಚಾಚಾ ಮಾತ್ರ ಅರ್ಧ ಗಂಟೆಯಿಂದ ಮಾತು ನಿಲ್ಲಿಸಿರಲಿಲ್ಲ. ಅವರು ಹಿಂದಿಯಲ್ಲಿ ಹೇಳಿದ್ದನ್ನು ಗಗನಾ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು, ಅಮ್ಮ ಕೇಳಿದ್ದನ್ನು ಚಾಚಾಗೆ ಹಿಂದಿಯಲ್ಲಿ ಹೇಳಬೇಕು. ಅವಳ ಬಾಯಿ ನೋಯುತ್ತಿತ್ತು.

ಇದು ಒಂದು ದಿನದ ಕೆಲಸವಾಗಿರಲಿಲ್ಲ. ಅಪ್ಪ ಶಂಕರನಿಗೆ ದೆಹಲಿಯ ಸರ್ಕಾರಿ ಆಫೀಸಿಗೆ ವರ್ಗವಾಗಿ ಅವರು ತುಮಕೂರಿನಿಂದ ನೋಯ್ಡಾಗೆ ಬಂದು ಎರಡು ವರ್ಷವಾಗಿತ್ತು. ಗಗನಾಗೆ ಶಾಲೆಯಲ್ಲಿ ನಾಲ್ಕೇ ತಿಂಗಳಲ್ಲಿ ಹಿಂದಿ ಬಂದಿತ್ತು. ಅಮ್ಮ ವಿಮಲಾಗೆ ಬರಲಿಲ್ಲ. ಗ್ಯಾಸ್ ತರುವ ಭಯ್ಯಾ, ತರಕಾರಿ ಭಯ್ಯಾ, ಡಾಕ್ಟರ್, ಕ್ಲಾಸ್ ಟೀಚರ್, ಎಲ್ಲರ ಮಾತೂ ಹತ್ತು ವರ್ಷದ ಗಗನಾಳ ಬಾಯಿಂದಲೇ ಅಮ್ಮನಿಗೆ ತಲುಪಬೇಕಿತ್ತು.

ಈಗ ಕಪಾಟುಗಳ ಕೆಲಸ ಶುರುವಾಗಿತ್ತು. ಅವರು ಕೊಂಡ ಫ್ಲ್ಯಾಟು ಹಳೆಯದು. ಅಡುಗೆಮನೆಯ ಮರದ ಕಪಾಟುಗಳ ಮೇಲೆ ವರ್ಷಗಟ್ಟಲೆ ಬಿಸಿಲು ಬಿದ್ದು, ಬಣ್ಣವೆಲ್ಲ ಹೋಗಿ, ಅವು ಒಣಶುಂಠಿಯ ಹಾಗೆ ಕಾಣುತ್ತಿದ್ದವು. ಲಖನೌ ಟೂರ್ ಮುಗಿಸಿ ಬಂದ ಮೇಲೆ ಬಡಗಿಯನ್ನು ಕರೆಸೋಣ ಎಂದು ಅಪ್ಪ ಹೇಳಿ ಹೋಗಿದ್ದ. ಅವನು ಬರುವುದರೊಳಗೆ ತಾನೇ ಮಾಡಿ ಮುಗಿಸುತ್ತೇನೆ ಎಂದು ಅಮ್ಮ ಹಟ ಹಿಡಿದಿದ್ದಳು. ತುಮಕೂರಿನ ಮನೆಯ ಬಾಗಿಲು ಕಿಟಕಿಗಳಿಗೆಲ್ಲ ಅವಳೇ ಪಾಲಿಶ್ ಮಾಡಿದ್ದಳು.

“ಈ ಕೆಲಸಕ್ಕೆ ಹಿಂದಿ ಬೇಡ ಕಣೆ,” ಎಂದಿದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ಕಪಾಟಿನ ಹತ್ತು ಬಾಗಿಲುಗಳನ್ನೂ ಬಿಚ್ಚಿದರು. ಗಗನಾ ಸ್ಕ್ರೂಗಳನ್ನೆಲ್ಲ ಮೊಸರಿನ ಡಬ್ಬಿಗೆ ಹಾಕಿಟ್ಟಳು. ಎರಡು ದಿನ ಉಪ್ಪುಕಾಗದದಿಂದ ಉಜ್ಜಿದ್ದೇ ಉಜ್ಜಿದ್ದು. ಮೂಗಿನಲ್ಲಿ, ಕೂದಲಲ್ಲಿ, ಕುಡಿಯುವ ನೀರಿನ ಲೋಟದಲ್ಲೂ ಮರದ ಪುಡಿ.

ಮೂರನೆಯ ದಿನ ಅಮ್ಮ ಹಳೆಯ ಬನಿಯನ್ ಹರಿದು, ಚೂರೊಂದನ್ನು ಮರಕ್ಕೆ ಬಣ್ಣ ಕೊಡುವ ಸ್ಟೇನ್ ಡಬ್ಬಿಯಲ್ಲಿ ಅದ್ದಿ, ಮರದ ಗೆರೆಯ ಗುಂಟ ಎಳೆದಳು. ಬಿಳಚಿಕೊಂಡ ಮರ ನೋಡುನೋಡುತ್ತ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಐದು ನಿಮಿಷ ಬಿಟ್ಟು ಒರೆಸಿದಾಗ ಒಳಗಿದ್ದ ಗೆರೆಗಳೆಲ್ಲ ಎದ್ದು ಬಂದವು. ಅಮ್ಮ ಕೆಲಸ ಮಾಡುತ್ತಲೇ ತನ್ನ ಶಾಲೆಯ ಕತೆ, ತುಮಕೂರಿನ ಬಡಗಿಯ ಕತೆ, ಏನೇನೋ ಹೇಳಿದಳು. ನೋಯ್ಡಾಗೆ ಬಂದ ಮೇಲೆ ಅವಳು ಇಷ್ಟು ಮಾತಾಡಿದ್ದನ್ನು ಗಗನಾ ಕೇಳಿರಲಿಲ್ಲ.

ನಾಲ್ಕನೆಯ ದಿನ ಎಣ್ಣೆಯ ಸರದಿ. ಸ್ಟೇನ್ ಒಣಗಿದ ಮೇಲೆ ಹೊಳಪಿಗೆಂದು ಅಗಸೆ ಎಣ್ಣೆ ತಿಕ್ಕಬೇಕೆಂದು ಚಾಚಾ ಹೇಳಿದ್ದರು. ಮಧ್ಯಾಹ್ನದ ಹೊತ್ತಿಗೆ ಅದೂ ಮುಗಿಯಿತು. ಅಮ್ಮ ಮನೆಯೆಲ್ಲ ಗುಡಿಸಿದಳು. ಎಣ್ಣೆ ಕುಡಿದ ಬಟ್ಟೆಗಳನ್ನೆಲ್ಲ ಉಂಡೆ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಅಡುಗೆಮನೆಯ ಬಾಲ್ಕನಿಯಲ್ಲಿ ಹಳೇ ಪೇಪರ್ ತುಂಬಿದ್ದ ಪೆಟ್ಟಿಗೆಯೊಳಗೆ ಇಟ್ಟಳು. ಪಕ್ಕದಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಇತ್ತು. ಕಪಾಟಿನ ಒಂದು ಬಾಗಿಲನ್ನು ಅಲ್ಲೇ ಒಣಗಲು ಒರಗಿಸಿದ್ದರು. ಅಪ್ಪ ಬರಲು ಇನ್ನೊಂದೇ ದಿನವಿತ್ತು.

ಊಟವಾದ ಮೇಲೆ ಕರೆಂಟು ಹೋಯಿತು, ಬೆಳಿಗ್ಗೆ ನೀರು ತುಂಬಿಸಿದ್ದ ಏರ್ ಕೂಲರೂ ನಿಂತಿತು. ಜೂನ್ ತಿಂಗಳ ಸೆಕೆ. ಅಮ್ಮ ಹಾಲಿನ ನೆಲದ ಮೇಲೆ ಮಲಗಿ ನಿದ್ದೆಹೋದಳು. ಗಗನಾ ಕಾಮಿಕ್ಸ್ ಓದುತ್ತಾ ಬಿದ್ದುಕೊಂಡಳು.

ಸ್ವಲ್ಪ ಹೊತ್ತಿನಲ್ಲಿ ಏನೋ ವಾಸನೆ ಬಂತು. ಸುಟ್ಟ ಎಣ್ಣೆಯ ಹಾಗೆ, ಆದರೆ ಪೂರಿ ಕರಿಯುವ ವಾಸನೆಯಲ್ಲ. ಪಕ್ಕದ ಮನೆಯದಿರಬೇಕು ಎಂದುಕೊಂಡು ಅವಳು ಹಾಳೆ ತಿರುಗಿಸಿದಳು. ವಾಸನೆ ಹೆಚ್ಚಿತು. ಎದ್ದು ಅಡುಗೆಮನೆಗೆ ಹೋದಳು. ಬಾಲ್ಕನಿಯ ಗಾಜಿನಾಚೆ ಎಲ್ಲ ಮಬ್ಬಾಗಿತ್ತು.

ಬಾಗಿಲು ತೆಗೆದಳು. ಪೇಪರ್ ಪೆಟ್ಟಿಗೆಯಿಂದ ಬೂದು ಹೊಗೆ ಮೇಲೇಳುತ್ತಿತ್ತು.

ಆ ಕ್ಷಣದಲ್ಲೇ ಚಾಚಾನ ಮಾತು ಅವಳಿಗೆ ಪೂರ್ತಿಯಾಗಿ ನೆನಪಾಯಿತು. ಒಂದು ಪದವೂ ಮರೆತಿರಲಿಲ್ಲ. ಎಣ್ಣೆ ಬಟ್ಟೆಗಳನ್ನು ಉಂಡೆ ಮಾಡಿ ಇಡಬೇಡಿ ಬೇಟಾ, ಈ ಸೆಕೆಯಲ್ಲಿ ಅವು ತಾವಾಗೇ ಹೊತ್ತಿಕೊಳ್ಳುತ್ತವೆ, ಹರಡಿ ಒಣಗಿಸಿ, ಇಲ್ಲವಾದರೆ ನೀರಲ್ಲಿ ಹಾಕಿಡಿ. ಬೆರಳು ಎತ್ತಿ ಎರಡು ಸಲ ಹೇಳಿದ್ದರು.

“ಅಮ್ಮ, ಬೆಂಕಿ!”

ಅಮ್ಮ ಬರಿಗಾಲಲ್ಲಿ ಓಡಿ ಬಂದಳು. ಅಷ್ಟರಲ್ಲಿ ಪೇಪರ್ ಧಗ್ಗೆಂದು ಹತ್ತಿಕೊಂಡಿತ್ತು. ಉರಿ ಸಿಲಿಂಡರಿನ ಕಡೆಗೆ ವಾಲುತ್ತಿತ್ತು. ಅಮ್ಮ ಬಾಲ್ಕನಿಗೆ ನುಗ್ಗಿ, ಸಿಲಿಂಡರನ್ನು ಓರೆ ಮಾಡಿ, ಅಂಚಿನ ಮೇಲೆ ಉರುಳಿಸುತ್ತ ಅಡುಗೆಮನೆ ದಾಟಿಸಿ ಹೊರಬಾಗಿಲಿನವರೆಗೆ ಎಳೆದೊಯ್ದಳು. ಗಗನಾ ನಲ್ಲಿ ತಿರುಗಿಸಿದಳು. ನಲ್ಲಿ ಬುಸ್ಸೆಂದಿತು, ನೀರು ಬರಲಿಲ್ಲ. ಕರೆಂಟಿಲ್ಲದೆ ಪಂಪು ನಿಂತಿತ್ತು.

“ಕೂಲರ್ ನೀರು,” ಅಮ್ಮ ಕೂಗಿದಳು.

ಗಗನಾ ಕೂಲರಿನ ಪಕ್ಕದ ಹುಲ್ಲಿನ ಪರದೆ ಕಿತ್ತು, ಒಳಗಿನ ತೊಟ್ಟಿಯ ನೀರಿಗೆ ಬಕೆಟ್ ಅದ್ದಿದಳು. ಅವಳು ತುಂಬಿ ಕೊಡುವುದು, ಅಮ್ಮ ಓಡಿ ಹೋಗಿ ಸುರಿಯುವುದು. ಎರಡು ಬಕೆಟ್, ಮೂರು, ನಾಲ್ಕು. ಐದನೆಯದಕ್ಕೆ ಉರಿ ಆರಿ ಬರೀ ಹೊಗೆ ಉಳಿಯಿತು. ಒರಗಿಸಿದ್ದ ಬಾಗಿಲಿನ ಕೆಳಗಿನ ಅರ್ಧ ಇದ್ದಿಲಿನ ಹಾಗೆ ಕಪ್ಪಾಗಿತ್ತು.

ಅಷ್ಟರಲ್ಲಿ ಕಟ್ಟಡದ ಗಾರ್ಡ್ ಮೇಲೆ ಬಂದಿದ್ದ. ಅವನ ಹಿಂದೆ ಮೇಲಿನ ಮನೆಯ ಭಾಟಿಯಾ ಅಂಕಲ್, ಆಂಟಿ. ಗಾರ್ಡ್ ಬಾಲ್ಕನಿಯ ಒದ್ದೆ ನೆಲದಿಂದ ಏನನ್ನೋ ಹೆಕ್ಕಿ ಎಲ್ಲರಿಗೂ ತೋರಿಸಿದ. ಒಂದು ಸಿಗರೇಟಿನ ತುಂಡು. ಅವನು ತಲೆಯೆತ್ತಿ ಮೇಲಿನ ಬಾಲ್ಕನಿಯನ್ನು ನೋಡಿದ. ಭಾಟಿಯಾ ಅಂಕಲ್ ದಿನಾ ಅಲ್ಲಿ ನಿಂತು ಸಿಗರೇಟು ಸೇದುವುದು ಎಲ್ಲರಿಗೂ ಗೊತ್ತಿತ್ತು.

ಬೆಳಿಗ್ಗೆಯಿಂದ ತಾನು ಸೇದಿಯೇ ಇಲ್ಲ, ಅದು ಯಾವತ್ತಿನದೋ ಎಂದು ಅಂಕಲ್ ಹೇಳಿದರು. ಗಾರ್ಡ್ ನಂಬಿದ ಹಾಗೆ ಕಾಣಲಿಲ್ಲ. ಆಂಟಿಯೂ ಗಂಡನ ಮುಖವನ್ನೇ ನೋಡಿದರು.

ಅಮ್ಮನಿಗೆ ಹಿಂದಿ ತಿಳಿಯದಿದ್ದರೂ ಸಿಗರೇಟು ತಿಳಿದಿತ್ತು. ಅವಳ ಸೀರೆ ನೆನೆದಿತ್ತು, ಮುಂಗೈಯಲ್ಲಿ ಒಂದು ಕೆಂಪು ಗುಳ್ಳೆ ಎದ್ದಿತ್ತು.

“ಕೇಳು ಗಗನಾ ಅವರನ್ನ. ಉರಿಯೋ ಸಿಗರೇಟು ಹೀಗೆ ಎಸೆಯೋದಾ ಅಂತ ಕೇಳು. ಮನೇಲಿ ಮಗು ಇತ್ತು ಅಂತ ಹೇಳು.”

ಎಲ್ಲರೂ ಗಗನಾಳ ಕಡೆ ತಿರುಗಿದರು.

ಅಮ್ಮ ಹೇಳಿದ್ದನ್ನು ಹಿಂದಿಯಲ್ಲಿ ಹೇಳಿದರೆ ಮುಗಿಯಿತು. ಅದು ಅವಳ ದಿನದ ಕೆಲಸವೇ. ಚಾಚಾನ ಮಾತು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳು ಹೇಳದಿದ್ದರೆ ಅಮ್ಮನಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ. ಗಗನಾ ಬಾಯಿ ತೆರೆದಳು. ಭಾಟಿಯಾ ಅಂಕಲ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದರು.

“ಅಮ್ಮ,” ಎಂದಳು. “ಸಿಗರೇಟಲ್ಲ. ಬಟ್ಟೆಯಿಂದ ಹತ್ತಿದ್ದು. ಎಣ್ಣೆ ಬಟ್ಟೆ ಉಂಡೆ ಮಾಡಿ ಇಡಬೇಡಿ, ತಾನಾಗೇ ಬೆಂಕಿ ಹತ್ತುತ್ತೆ ಅಂತ ಅಂಗಡಿ ಚಾಚಾ ಹೇಳಿದ್ರು. ನಾನು ನಿನಗೆ ಹೇಳ್ಲಿಲ್ಲ.”

ಅಮ್ಮ ಅವಳನ್ನೇ ನೋಡಿದಳು. ಗಗನಾ ಏಟಿಗೆ ಕಾದಳು. ಏಟು ಬೀಳಲಿಲ್ಲ.

“ಅವರಿಗೂ ಹೇಳು,” ಅಂದಳು ಅಮ್ಮ, ಬಹಳ ಮೆಲ್ಲಗೆ.

ಗಗನಾ ಅದನ್ನೇ ಹಿಂದಿಯಲ್ಲಿ ಹೇಳಿದಳು. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟವಾಯಿತು. ಗಾರ್ಡ್ ಸಿಗರೇಟಿನ ತುಂಡನ್ನು ಕೆಳಗೆ ಹಾಕಿದ. ಅಮ್ಮ ಅಂಕಲ್ ಕಡೆ ತಿರುಗಿ, ಯಾರ ಸಹಾಯವೂ ಇಲ್ಲದೆ, “ಸಾರಿ, ಭಾಯಿಸಾಬ್,” ಎಂದಳು. ಅಂಕಲ್ ಪರವಾಗಿಲ್ಲ ಎನ್ನುವಂತೆ ಕೈಯಾಡಿಸಿದರು. ಪ್ಯಾಂಟು ಮಡಚಿಕೊಂಡು, ಒದ್ದೆ ಪೇಪರುಗಳನ್ನು ಬಕೆಟ್ಟಿಗೆ ತುಂಬತೊಡಗಿದರು. ಆಂಟಿ ಮೇಲಿಂದ ಬರ್ನಾಲ್ ಮುಲಾಮು ತಂದು ಅಮ್ಮನ ಕೈಗೆ ಹಚ್ಚಿದರು.

ಎಲ್ಲರೂ ಹೋದ ಮೇಲೂ ಅಮ್ಮ ಬೈಯಲಿಲ್ಲ. ಸೀರೆ ಬದಲಿಸಿ, ಅಪ್ಪನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಆಮೇಲೆ ಸುಟ್ಟ ಬಾಗಿಲನ್ನು ಹಾಲಿಗೆ ತಂದು, ಉಪ್ಪುಕಾಗದ ಹಿಡಿದು ಕೂತಳು. ಗಗನಾ ಸ್ವಲ್ಪ ದೂರದಲ್ಲಿ ಕೂತಳು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು. ಕೆಳಗಿನಿಂದ ಅನನ್ಯಾ ಎರಡು ಸಲ ಕರೆದಳು. ಗಗನಾ ಏಳಲಿಲ್ಲ.

“ಚಾಚಾ ಏನೇನು ಹೇಳಿದ್ರು, ಎಲ್ಲ ಹೇಳು,” ಅಂದಳು ಅಮ್ಮ. “ಮೊದಲಿಂದ. ಒಂದೂ ಬಿಡಬೇಡ.”

ಗಗನಾ ಹೇಳತೊಡಗಿದಳು. ಯಾವ ನಂಬರಿನ ಕಾಗದ, ಎಷ್ಟು ಹೊತ್ತು ಒಣಗಬೇಕು, ಕಿಟಕಿ ಏಕೆ ತೆಗೆದಿರಬೇಕು. ಬಟ್ಟೆಯ ಮಾತನ್ನೂ ಮತ್ತೊಮ್ಮೆ ಹೇಳಿದಳು. ಆಮೇಲೆ ನಿಲ್ಲಿಸಿದಳು.

“ಅಷ್ಟೇನಾ?”

“ಇನ್ನೊಂದಿತ್ತು. ನೀನು ಅಂಗಡೀಲಿ ಮರದ ಚೂರು ಕೈಲಿ ಹಿಡಿದು ಸವರಿ ನೋಡಿದೆಯಲ್ಲ, ಆಗ ಹೇಳಿದ್ರು. ನಿಮ್ಮ ಅಮ್ಮನ ಕೈಗೆ ಮರ ಗೊತ್ತು, ನಮ್ಮ ಬಡಗಿ ಮಿಸ್ತ್ರಿಗಳಿಗೇ ಇಷ್ಟು ಗೊತ್ತಿಲ್ಲ ಅಂತ.”

ಅಮ್ಮನ ಕೈ ನಿಂತಿತು. “ಹಿಂದೀಲಿ ಹೇಗೆ ಹೇಳಿದ್ರು?”

ಗಗನಾ ಹೇಳಿದಳು. ಅಮ್ಮ ಅದನ್ನು ನಿಧಾನವಾಗಿ, ಒಂದೊಂದೇ ಪದ ಹಿಡಿದು, ಬಾಯಲ್ಲಿ ಹೇಳಿಕೊಂಡಳು. ಎರಡು ಕಡೆ ತಪ್ಪಿತು. ಮತ್ತೆ ಹೇಳಿದಳು. ಅವಳ ಮುಖ ಅರಳಿದ್ದನ್ನು ಗಗನಾ ನೋಡಿದಳು. ನಾಲ್ಕು ದಿನದಿಂದ ಆ ಮಾತು ತನ್ನ ಹತ್ತಿರವೇ ಬಿದ್ದಿತ್ತು. ಎರಡು ವರ್ಷದಲ್ಲಿ ಇನ್ನೆಷ್ಟು ಇದ್ದವೋ. ಆಟಕ್ಕೆ ಹೊತ್ತಾಯಿತೆಂದು ಬಿಟ್ಟವು, ಉದ್ದವಾಯಿತೆಂದು ಬಿಟ್ಟವು.

ಅವಳು ಜರುಗಿ ಅಮ್ಮನ ಪಕ್ಕಕ್ಕೆ ಬಂದಳು.

“ಅಮ್ಮ, ದೀಪಾವಳಿಲಿ ಭಾಟಿಯಾ ಆಂಟಿ ನಿನ್ನ ಕೋಡುಬಳೆ ತಿಂದು ಒಂದು ಮಾತು ಹೇಳಿದ್ರು. ಅದನ್ನೂ ನಾನು ಹೇಳಿಲ್ಲ.”

ಅಮ್ಮ ಉಪ್ಪುಕಾಗದ ಕೆಳಗಿಟ್ಟು, ಪೂರ್ತಿ ಅವಳ ಕಡೆ ತಿರುಗಿ ಕೂತಳು.